ಬಸಲಿಂಗವ್ವನ ಸೀರೆಯುಟ್ಟು ನಾನು ರಸ್ತೆ ದಾಟಿದ್ದು

ಆ ದಿನ ಬೆಳಿಗ್ಗೆ ನಾನು ರಸ್ತೆಯ ಅಂಚಿನಲ್ಲಿ ನಿಂತಿದ್ದೆ. ದೂರದಲ್ಲಿ ಒಂದು ಬಿಳಿ ಕಾರು ನನ್ನ ಕಡೆಗೆ ಮುಖ ಮಾಡಿ ಕಾಯುತ್ತಿತ್ತು. ಅದರೊಳಗೆ ಚಾಲಕ ದಾವಲಸಾಬ ಕುಳಿತಿದ್ದ. ಇಂಜಿನಿಯರ್ ನೀಲಾಂಬಿಕಾ ಕೈ ಎತ್ತಿ ಸನ್ನೆ ಮಾಡುವುದಷ್ಟೇ ಬಾಕಿ. ಅವಳು ಕೈ ಎತ್ತಬೇಕೆನ್ನುವಾಗ ಫೋನು ಬಂತು.

ಅವಳು ಕಿವಿಗೆ ಹಚ್ಚಿಕೊಂಡು ಕೇಳಿದಳು. "ಎಲ್ಲೆ?" ಎಂದಳು. ಸ್ವಲ್ಪ ತಡೆದು, "ಹೊಲದ ಹಾದಿ ಹತ್ರಾನ?" ಎಂದಳು. ಆಮೇಲೆ ಫೋನನ್ನು ಕೆಳಗಿಳಿಸಿದಳು. ಸನ್ನೆ ಬಾರದಿದ್ದುದನ್ನು ಕಂಡು ದಾವಲಸಾಬ ಕಾರು ಬಿಟ್ಟು ನಡೆದು ಬಂದ.

"ನೀಲಕ್ಕಾರ, ಏನಾತ್ರಿ?"

"ಅವ್ವ ಹೋದ್ಲಂತ, ದಾವಲಣ್ಣ. ಮೇವಿನ ಹೊರಿ ಹೊತ್ಕೊಂಡು ರಸ್ತಾ ದಾಟಾಕತ್ತಿದ್ಲಂತ. ಕಾರು ಬಡೀತಂತ."

ದಾವಲಸಾಬ ತಲೆಯ ಮೇಲಿನ ಟೋಪಿ ತೆಗೆದ. ಅವಳನ್ನು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಊರಿಗೆ ಹೊರಟ. ನನ್ನನ್ನು ಒಳಗಿಡುವ ನೆನಪು ಯಾರಿಗೂ ಆಗಲಿಲ್ಲ. ಹೊತ್ತು ಮುಳುಗುವವರೆಗೆ ನಾನು ಬಿಸಿಲು ಗಾಳಿಗೆ ಅಲ್ಲೇ ನಿಂತಿದ್ದೆ. ಗಾಡಿಯಿಂದ ಹೊಡೆಸಿಕೊಳ್ಳಲೆಂದೇ ಹುಟ್ಟಿದವನು ನಾನು. ಆ ದಿನ ನನ್ನ ಕಡೆಗೆ ಒಂದು ಗಾಡಿಯೂ ಬರಲಿಲ್ಲ. ಬರಬಾರದಿದ್ದವಳ ಕಡೆಗೆ ಬಂದಿತ್ತು.

ನಾನು ಒಂದು ಗೊಂಬೆ. ಸಮುದ್ರದಾಚೆಯ ಒಂದು ಚಳಿದೇಶದ ಕಾರ್ಖಾನೆಯಲ್ಲಿ ಹುಟ್ಟಿದೆ. ಒಳಗೆ ಮೆತ್ತನೆಯ ಸ್ಪಂಜು, ಅದರ ಮೇಲೆ ಲೋಹದ ನೂಲು ಸೇರಿಸಿ ನೇಯ್ದ ಬಟ್ಟೆ, ಅದರ ಮೇಲೆ ಕಪ್ಪು ಅಂಗಿ ಮತ್ತು ನೀಲಿ ಪ್ಯಾಂಟು. ಕ್ಯಾಮೆರಾದ ಕಣ್ಣಿಗೆ ನಾನು ಮನುಷ್ಯನಂತೆ ಕಾಣಬೇಕು. ರಾಡಾರಿನ ಅಲೆ ತಾಗಿದರೆ ಮನುಷ್ಯನ ಮೈಯಂತೆ ಅದನ್ನು ಹಿಂದಕ್ಕೆ ಕಳಿಸಬೇಕು. ಗಾಡಿ ಹೊಡೆದರೆ ಗಾಡಿಗೆ ಪೆಟ್ಟಾಗಬಾರದು. ಹೀಗೆ ಮೂರು ವಿಚಾರ ಮಾಡಿ ನನ್ನನ್ನು ಮಾಡಿದರು. ನನಗೆ ನೋವಾಗುವುದೋ ಇಲ್ಲವೋ ಎಂಬ ವಿಚಾರ ಅದರಲ್ಲಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ನನ್ನ ಕೈಕಾಲುಗಳು ಪೆಟ್ಟು ಬಿದ್ದಾಗ ಬಿಟ್ಟುಕೊಂಡು, ಮತ್ತೆ ಒತ್ತಿದರೆ ಅಂಟಿಕೊಳ್ಳುತ್ತವೆ. ನಡೆಯುವವನಂತೆ ಕಾಲುಗಳು ಹಿಂದೆ ಮುಂದೆ ತೂಗುತ್ತವೆ. ಗಾಡಿಯ ಕ್ಯಾಮೆರಾ ಮನುಷ್ಯನನ್ನು ಗುರುತಿಸುವುದು ಹೆಚ್ಚಾಗಿ ಆ ಎರಡು ಕಾಲುಗಳ ಕತ್ತರಿಯಿಂದ ಎಂದು ನನ್ನನ್ನು ಮಾಡಿದವರು ಮಾತಾಡಿಕೊಳ್ಳುತ್ತಿದ್ದರು.

ಆ ದೇಶದ ಒಂದು ಪರೀಕ್ಷಾಶಾಲೆಯಲ್ಲಿ ಕೆಲವು ವರ್ಷ ದುಡಿದೆ. ಅಲ್ಲಿಗೆ ಹೊಸ ಗೊಂಬೆಗಳು ಬಂದವು. ನನ್ನನ್ನು ಮಾರಿದರು. ಪೆಟ್ಟಿಗೆಯೊಳಗೆ ಮಲಗಿ ಹಡಗಿನಲ್ಲಿ ಬಂದೆ, ಲಾರಿಯಲ್ಲಿ ಬಂದೆ. ಪೆಟ್ಟಿಗೆ ತೆರೆದಾಗ ಗದಗ ಸೀಮೆಯ ಎರೆಭೂಮಿಯ ನಡುವೆ ಇದ್ದೆ. ಸುತ್ತ ಕಣ್ಣು ಹರಿದಷ್ಟು ದೂರ ಜೋಳದ ಹೊಲ. ನಡುವೆ ಬೇಲಿ ಹಾಕಿದ ನೀಟಾದ ಡಾಂಬರು ರಸ್ತೆ. ಹೊಸ ಕಾರುಗಳನ್ನು ಪರೀಕ್ಷಿಸಿ ಅಂಕ ಕೊಡುವ ಸ್ಥಳ ಅದು. ಮೊದಲು ನನ್ನ ಮುಖ ನೋಡಿದವನು ದಾವಲಸಾಬ. ಪ್ಯಾಂಟು ಅಂಗಿ ತೊಟ್ಟು ಮಲಗಿದ ನನ್ನನ್ನು ಕಂಡು ಸೊಂಟ ಬಗ್ಗಿಸಿ ಸಲಾಮು ಮಾಡಿದ.

"ಬರ್ರಿ ದೊರೆ. ಚಾ ಕುಡೀತೀರೇನು, ಇಲ್ಲಾ ನಡೀರಿ ಸಾಯಾಕಂತ ಹೋಗೂಣ?"

ಅಂದಿನಿಂದ ನನ್ನ ಹೆಸರು ದೊರೆ.

ನನ್ನ ಕೆಲಸ ಸರಳ. ರಸ್ತೆಯ ಮೇಲೆ ಅಡ್ಡಲಾಗಿ ಒಂದು ಪಟ್ಟಿ ಹಾಸಿರುತ್ತದೆ. ಅದರ ಮೇಲೆ ಒಂದು ತೆಳ್ಳನೆಯ ಹಲಗೆ. ಆ ಹಲಗೆಯ ಮೇಲೆ ನಾನು. ಕಾರು ಹತ್ತಿರ ಬರುವ ಹೊತ್ತಿಗೆ ಪಟ್ಟಿ ನನ್ನನ್ನು ಎಳೆದುಕೊಂಡು ಕಾರಿನ ದಾರಿಗೆ ತರುತ್ತದೆ. ದಾವಲಸಾಬ ಸ್ಟಿಯರಿಂಗ್ ಮುಂದೆ ಕುಳಿತಿದ್ದರೂ ಬ್ರೇಕು ಮುಟ್ಟಬಾರದು. ಮೊದಲು ಕಾರು ಕೂಗಿ ಚಾಲಕನನ್ನು ಎಚ್ಚರಿಸಬೇಕು. ಚಾಲಕ ಏನೂ ಮಾಡದಿದ್ದರೆ ತಾನೇ ಬ್ರೇಕು ಹಾಕಿಕೊಳ್ಳಬೇಕು. ನನ್ನನ್ನು ಮುಟ್ಟದೆ ನಿಂತರೆ ಪೂರ್ತಿ ಅಂಕ. ವೇಗ ಇಳಿಸಿಕೊಂಡು ಮುಟ್ಟಿದರೆ, ಎಷ್ಟು ಇಳಿಸಿತೋ ಅಷ್ಟಕ್ಕೆ ತಕ್ಕ ಅಂಕ. ಕಾಣದವರಂತೆ ಬಂದು ಹೊಡೆದರೆ ಸೊನ್ನೆ. ಮೊದಲು ನಿಧಾನದಲ್ಲಿ, ಆಮೇಲೆ ವೇಗ ಏರಿಸುತ್ತಾ, ಹಗಲಿನ ಬೆಳಕಿನಲ್ಲಿ, ಮುಸ್ಸಂಜೆಯ ಮಬ್ಬಿನಲ್ಲಿ ಮತ್ತೆ ಮತ್ತೆ ಇದನ್ನೇ ಮಾಡುತ್ತಾರೆ. ಎಲ್ಲ ಅಂಕ ಕೂಡಿಸಿ ಕಾರಿಗೆ ನಕ್ಷತ್ರ ಕೊಡುತ್ತಾರೆ. ಜನ ಆ ನಕ್ಷತ್ರ ಎಣಿಸಿ ಕಾರು ಕೊಳ್ಳುತ್ತಾರೆ.

ಬಿದ್ದಾಗಲೆಲ್ಲ ನನ್ನನ್ನು ಎತ್ತಿ, ಕಾಲು ಜೋಡಿಸಿ, ಅಂಗಿ ಸರಿಪಡಿಸುವವಳು ನೀಲಾಂಬಿಕಾ. ಅವಳು ಹತ್ತಿರದ ಹಳ್ಳಿಯವಳೇ. ಕೆಲಸದಲ್ಲಿ ಬಹಳ ಕಟ್ಟುನಿಟ್ಟು. ನನ್ನ ಭುಜ ಬೆರಳಿನಷ್ಟು ವಾಲಿದ್ದರೂ ಪರೀಕ್ಷೆ ನಿಲ್ಲಿಸುತ್ತಿದ್ದಳು. ಇಂದು ನಿಂತಂತೆಯೇ ನಾಳೆ ನಿಲ್ಲಬೇಕು, ಒಂದು ಕಾರಿನ ಮುಂದೆ ನಿಂತಂತೆಯೇ ಇನ್ನೊಂದರ ಮುಂದೆ ನಿಲ್ಲಬೇಕು, ಇಲ್ಲವಾದರೆ ಅಂಕಕ್ಕೆ ಅರ್ಥವಿಲ್ಲ ಎನ್ನುತ್ತಿದ್ದಳು.

ಒಂದು ದಸರೆಯಲ್ಲಿ ಅವಳ ತಂದೆತಾಯಿ ಅಲ್ಲಿಗೆ ಬಂದರು. ತಂದೆ ಚನ್ನವೀರಪ್ಪ, ಪೂಜೆಯಾಗದೆ ನೀರು ಮುಟ್ಟದ ದೈವಭಕ್ತರು. ತಾಯಿ ಬಸಲಿಂಗವ್ವ. ವಾಹನಗಳಿಗೆಲ್ಲ ಹೂವಿನ ಮಾಲೆ ಹಾಕಿತ್ತು. ಚನ್ನವೀರಪ್ಪನವರು ಮಗಳ ಕೆಲಸದ ಗಾಡಿಯೆಂದು ಅಭಿಮಾನದಿಂದ ಬಿಳಿ ಕಾರಿನ ಮುಂಗಾಜಿನ ಮೇಲೆ ಅಂಗೈ ಅಗಲದಲ್ಲಿ ಮೂರು ಪಟ್ಟೆ ವಿಭೂತಿ ಬಳಿದು ಕೈಮುಗಿದರು.

ಬಸಲಿಂಗವ್ವ ನೇರವಾಗಿ ನನ್ನ ಹತ್ತಿರ ಬಂದಳು. ನನ್ನನ್ನು ಸುತ್ತು ಹಾಕಿ ನೋಡಿದಳು.

"ದಿನಾ ಬಡಸ್ಕೊಳ್ಳಾಂವ ಇವನ ಏನವಾ?"

"ಹೌದಬೇ. ಇವನ."

"ಪಾಪ. ಇವನ ಹೇಣ್ತಿ ಎಲ್ಲದಾಳ?"

ನೀಲಾ ಉತ್ತರ ಹುಡುಕುತ್ತಿದ್ದಂತೆ ದಾವಲಸಾಬ ಬಾಯಿ ಹಾಕಿದ. "ತವರಮನಿಗೆ ಹೋಗ್ಯಾಳ್ರಿ. ಗಂಡ ಹಿಂಗ ದಿನಾ ಕೈಕಾಲು ಬಿಚ್ಕೊಂಡು ಮನಿಗೆ ಬಂದ್ರ ಯಾರು ಬಾಳೇವು ಮಾಡ್ತಾರ್ರಿ?"

ಬಸಲಿಂಗವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆಮೇಲೆ ತನ್ನ ಉಡಿಯಿಂದ ಬನ್ನಿಯ ಎಲೆ ತೆಗೆದು ಎಲ್ಲರಿಗೂ ಕೊಟ್ಟಳು. ಕೊನೆಗೆ ನನ್ನ ಕಡೆ ತಿರುಗಿ ಅಂಗಿಯ ಕಿಸೆಯಲ್ಲಿ ಎರಡು ಎಲೆ ಇಟ್ಟಳು. "ಬನ್ನಿ ತಗೊಳ್ಳೋ ತಮ್ಮಾ. ಬಂಗಾರದಂಗ ಇರೂಣು," ಎಂದಳು. ನನ್ನ ಜೀವಮಾನದಲ್ಲಿ ನನಗೆ ಯಾರಾದರೂ ಏನಾದರೂ ಕೊಟ್ಟದ್ದು ಅದೇ ಮೊದಲು.

ಹಬ್ಬ ಮುಗಿದು ಕೆಲಸ ಆರಂಭವಾದ ದಿನ ಅದೇ ಬಿಳಿ ಕಾರು ಕೂಗಲೂ ಇಲ್ಲ, ನಿಲ್ಲಲೂ ಇಲ್ಲ. ಬಂದು ನನ್ನನ್ನು ಎತ್ತಿ ಎಸೆಯಿತು. ನೀಲಾ ಗಾಬರಿಯಾಗಿ ಯಂತ್ರವನ್ನೆಲ್ಲ ತಪಾಸಣೆ ಮಾಡಿದಳು. ಎಲ್ಲ ಸರಿಯಿತ್ತು. ಕೊನೆಗೆ ದಾವಲಸಾಬ ಗಾಜಿನ ಕಡೆ ಬೆರಳು ಮಾಡಿ ತೋರಿಸಿದ. ಒಳಗನ್ನಡಿಯ ಹಿಂದೆ ಗಾಜಿಗೆ ಆತುಕೊಂಡು ಕ್ಯಾಮೆರಾದ ಕಣ್ಣಿರುತ್ತದೆ. ಆ ಕಣ್ಣಿನ ಮೇಲೆಯೇ ವಿಭೂತಿಯ ಪಟ್ಟೆ ಒಣಗಿ ಕುಳಿತಿತ್ತು.

ಸಂಜೆ ಮಗಳನ್ನು ಕರೆದೊಯ್ಯಲು ಬಂದ ಚನ್ನವೀರಪ್ಪನವರಿಗೆ ಇದನ್ನು ಹೇಳಿದಾಗ ಅವರು ಗಾಜಿನ ಕಡೆ ನೋಡಿದರು.

"ಹಂಗಾದ್ರ ದೇವರಿಗೇ ಕಣ್ಣು ಮುಚ್ಚಿದಂಗಾತಲ್ಲವಾ," ಎಂದರು. "ಇನ್ಮ್ಯಾಲೆ ಬಾನೆಟ್ಟಿಗೆ ಹಚ್ತೀನಿ."

ಹಬ್ಬದಲ್ಲಿ ಗಾಜಿನ ನೆತ್ತಿಗೆ ಕುಂಕುಮ ವಿಭೂತಿ ಬಳಿಯುವ, ಮಾಲೆ ಇಳಿಬಿಡುವ, ದೇವರ ಚಿತ್ರ ಅಂಟಿಸುವ ಎಲ್ಲರಿಗೂ ಈ ಮಾತನ್ನು ಹೇಳಬೇಕೆಂದು ನನಗೆ ಅನೇಕ ಸಲ ಅನಿಸಿದೆ. ಭಕ್ತಿ ದೊಡ್ಡದು. ಅದಕ್ಕೆ ಬಾನೆಟ್ಟಿನ ಮೇಲೆ ಬೇಕಾದಷ್ಟು ಜಾಗವಿದೆ.

ಅದರ ಮುಂದಿನ ಬೇಸಿಗೆಯಲ್ಲಿ ಒಂದು ಬೂದಿಬಣ್ಣದ ಕಾರು ಬಂತು. ಅದು ಜಾಣ ಕಾರು. ನಿಧಾನದಲ್ಲಿ ಬಂದರೂ ನಿಂತಿತು, ವೇಗದಲ್ಲಿ ಬಂದರೂ ನಿಂತಿತು. ಮಬ್ಬಿನಲ್ಲೂ ನನ್ನನ್ನು ಕಂಡಿತು. ಆ ಕಾರಿನಿಂದ ನನಗೆ ಒಂದು ಪೆಟ್ಟೂ ಬೀಳಲಿಲ್ಲ. ನೀಲಾ ಸಂತೋಷದಿಂದ ಪೂರ್ತಿ ಅಂಕ ಬರೆದಳು. ಪೇಟೆಯ ಅಂಗಡಿಯ ಗಾಜಿನ ಮೇಲೆ ಅದರ ನಕ್ಷತ್ರಗಳನ್ನು ದೊಡ್ಡದಾಗಿ ಅಂಟಿಸಿದ್ದಾರೆಂದು ದಾವಲಸಾಬ ಬಂದು ಹೇಳಿದ.

ಬಸಲಿಂಗವ್ವನಿಗೆ ಹೊಡೆದದ್ದು ಅದೇ ಜಾತಿಯ ಕಾರು.

ತಾಯಿಯ ಮಣ್ಣು ಮುಗಿಸಿ ಕೆಲಸಕ್ಕೆ ಮರಳಿದ ದಿನ ನೀಲಾ ನನ್ನ ಮುಂದೆ ನೆಲದ ಮೇಲೆ ಕುಳಿತಳು. ಮೇಲಧಿಕಾರಿ ಕುಲಕರ್ಣಿಯವರು ಅವಳನ್ನು ಹುಡುಕಿಕೊಂಡು ಬಂದು ಪಕ್ಕದಲ್ಲಿ ನಿಂತರು. ಅವಳು ತಲೆ ಎತ್ತದೆ ಹೇಳಿದಳು.

"ಆ ಕಾರು ನಾ ನೋಡಿ ಬಂದೀನ್ರಿ ಸರ್. ಗಾಜು ಸ್ವಚ್ಛ ಐತಿ. ಕ್ಯಾಮೆರಾ ಸರಿ ಐತಿ. ಬೆಳಕಿತ್ತು. ಕಾರು ಕೂಗೇತಿ, ಬ್ರೇಕು ಹಾಕೇತಿ, ಆದ್ರ ತೀರಾ ತಡಾ ಮಾಡಿ. ದೊರೆ ಮುಂದ ನಿಂತ ಕಾರು ಅವ್ವನ ಮುಂದ ಯಾಕ ನಿಲ್ಲಲಿಲ್ಲ?"

"ಓಡಸ್ತಿದ್ದವ ಏನಂತಾನ?"

"ಮನಿಗೆ ಬಂದು ಅಪ್ಪನ ಕಾಲಿಗೆ ಬಿದ್ದ. ಅಕಿನ್ನ ನೋಡಿದ್ನಿರಿ, ಗಾಡಿ ತಾನ ನಿಂದರ್ತೈತಿ ಅಂತ ಮಾಡಿದ್ದೆ ಅಂದ. ಚುಕ್ಕಿ ನೋಡೇ ಕೊಂಡಿದ್ನಂತ."

ನೀಲಾ ನನ್ನ ಕಾಲುಗಳನ್ನು ನೋಡುತ್ತಿದ್ದಳು. ತೂಗುವ ಎರಡು ಕಾಲು, ನೀಲಿ ಪ್ಯಾಂಟು. ಮೆಲ್ಲಗೆ ಕೈ ಚಾಚಿ ಒಂದು ಕಾಲನ್ನು ಹಿಡಿದು ತೂಗುವುದನ್ನು ನಿಲ್ಲಿಸಿದಳು.

"ಸೀರಿಯೊಳಗ ಕಾಲು ಕಾಣೂದಿಲ್ರಿ ಸರ್," ಎಂದಳು. "ಹೊರಿ ಹೊತ್ರ ತಲಿ, ಹೆಗಲು ಎರಡೂ ಕಾಣೂದಿಲ್ಲ. ದೂರದಿಂದ ನೋಡಿದ್ರ ಅಕಿ ಮನಶ್ಯಾಳು ಅಂತ ಈ ಕಾರಿಗೆ ತಿಳಿಯೂದಿಲ್ಲ. ನಾವು ಕಲಿಸಿಲ್ಲ. ಪರೀಕ್ಷಾದಾಗ ಕೇಳೂ ಇಲ್ಲ."

ಕುಲಕರ್ಣಿಯವರು ಒಳ್ಳೆಯವರು, ಆದರೆ ನಿಯಮದ ಮನುಷ್ಯ. "ನೀಲಾ, ನಿನ್ನ ದುಃಖ ನನಗ ತಿಳೀತದ. ಆದ್ರ ಪರೀಕ್ಷೆಗೆ ಒಂದು ಕ್ರಮ ಅದ. ಗೊಂಬಿ ಉಡುಪು ಹಿಂಗ ಇರಬೇಕು ಅಂತ ಬರದದ. ನಮ್ಮ ಮನಸಿಗೆ ಬಂದಂಗ ಬದಲಾಸಲಿಕ್ಕೆ ಬರೂದಿಲ್ಲ."

"ಅಂಕಕ್ಕ ಬ್ಯಾಡ್ರಿ. ನೋಡಾಕ ಒಮ್ಮೆ ಮಾಡೂಣು. ಅದಕ್ಕೂ ಬರೂದಿಲ್ಲೇನ್ರಿ?"

ಅದಕ್ಕೆ ಬರುತ್ತದೆಂದು ಅವರು ಒಪ್ಪಿದರು. ಸೀರೆ ಎಲ್ಲಿಂದ ತರುವುದು ಎಂಬುದು ಉಳಿಯಿತು. ಅದನ್ನು ಚನ್ನವೀರಪ್ಪನವರು ತಂದರು.

ಅವರ ಮನೆಯ ಪದ್ಧತಿಯಂತೆ ತೀರಿಹೋದ ಮುತ್ತೈದೆಯ ಸೀರೆಯನ್ನು ಶಿವಗಣಾರಾಧನೆಯ ದಿನ ಫೋಟೋದ ಮುಂದೆ ಇಟ್ಟು, ಆಮೇಲೆ ಇನ್ನೊಬ್ಬ ಮುತ್ತೈದೆಗೆ ಉಡಿ ತುಂಬಿ ಕೊಡಬೇಕು. ಬಸಲಿಂಗವ್ವ ಹೊಲಕ್ಕೆ ಉಡುತ್ತಿದ್ದ ಹಸಿರು ಅಂಚಿನ ಕೆಂಪು ಇಳಕಲ್ ಸೀರೆಯನ್ನು ಇಟ್ಟಿದ್ದರು. ತೆಗೆದುಕೊಳ್ಳಲು ಅವಳ ನಾದಿನಿ ಬಂದು ಕುಳಿತಿದ್ದಳು. ಚನ್ನವೀರಪ್ಪನವರು ಸೀರೆಯನ್ನು ಮಡಿಚಿ ತಮ್ಮ ಹೆಗಲ ಚೀಲಕ್ಕೆ ಹಾಕಿಕೊಂಡರಂತೆ. ಇದನ್ನು ಅವರೇ ದಾವಲಸಾಬನಿಗೆ ಹೇಳಿದ್ದನ್ನು ನಾನು ಕೇಳಿದೆ.

"ನನ್ನ ತಂಗಿ ಬೈದ್ಲು. ಮುತ್ತೈದಿ ಸೀರಿ ಗೊಂಬಿಗೆ ಕೊಡ್ತಿಯಲ್ಲೋ ಅಣ್ಣಾ, ನಿನಗ ತಲಿಗಿಲಿ ಕೆಟ್ಟೈತೇನು ಅಂದ್ಲು."

"ನೀವೇನಂದ್ರಿ?"

"ಗೊಂಬಿಗೆ ಅಲ್ಲವಾ, ದಾರಿ ದಾಟೋ ಎಲ್ಲಾ ಹೆಣ್ಮಕ್ಕಳಿಗೂ ಕೊಡಾಕತ್ತೀನಿ ಅಂದೆ. ತಿಳೀತೋ ಇಲ್ಲೋ. ಅಳಕೋತ ಎದ್ದು ಹೋದ್ಲು."

ಸೀರೆಯನ್ನು ಬರಿದೆ ಕೊಡಬಾರದು. ನೀಲಾ ನನಗೆ ಸೀರೆ ಉಡಿಸಿ, ಸೆರಗಿನಲ್ಲಿ ಒಂದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು ಹಾಕಿ ಉಡಿ ತುಂಬಿದಳು. ದಾವಲಸಾಬ, "ತೂಕ ಹೆಚ್ಚಾಗತೈತ್ರಿ ನೀಲಕ್ಕಾರ. ಪರೀಕ್ಷಾ ಮುಗಿಯೂಮಟ ಆ ಕೊಬ್ಬರಿ ನನ್ನ ಕೈಯಾಗ ಕೊಡ್ರಿ, ತಿನ್ನಂಗಿಲ್ಲ," ಎಂದ. ಅಷ್ಟು ದಿನಗಳ ಮೇಲೆ ನೀಲಾ ನಕ್ಕದ್ದು ಆಗ. ಆ ದಿನದಿಂದ ಅವನು ನನ್ನನ್ನು ದೊರೆ ಎನ್ನುವುದನ್ನು ಬಿಟ್ಟ. ಅವ್ವಾರು ಎಂದ.

ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬೆ, ಅದರ ಮೇಲೆ ಹೊರೆ. ಕಾರಿಗೆ ಪೆಟ್ಟಾಗದಂತೆ ಒಳಗೆ ಸ್ಪಂಜು ಇಟ್ಟು ಹೊರಗೆ ಜೋಳದ ಒಣದಂಟು, ಅಂದರೆ ಕಣಿಕೆ, ಸುತ್ತಿದ್ದರು. ಆ ಕಣಿಕೆ ಬಸಲಿಂಗವ್ವ ಅಂದು ಹೊರಲು ಹೋಗಿದ್ದ ಹೊಲದ್ದೇ. ಚನ್ನವೀರಪ್ಪನವರು ತಮ್ಮ ಕೈಯಿಂದಲೇ ಹೊರೆ ಕಟ್ಟಿದರು. ಗಂಟು ಸಡಿಲವಾಯಿತೆಂದು ಬಿಚ್ಚಿ ಮತ್ತೆ ಬಿಗಿದರು. ಹೆಂಡತಿ ಕಟ್ಟುತ್ತಿದ್ದ ಗಂಟು ಅವರ ಕೈಗೆ ಬರಲಿಲ್ಲ. ಒದ್ದೆಯಾದ ಗಲ್ಲವನ್ನು ಒರೆಸಿಕೊಂಡು ಮೂರನೆಯ ಸಲ ಬಿಗಿದರು.

ಬೂದಿಬಣ್ಣದ ಕಾರು ಹೊರಟಿತು. ಪಟ್ಟಿ ನನ್ನನ್ನು ರಸ್ತೆಗೆ ಎಳೆಯಿತು. ನನ್ನನ್ನು ಕಂಡು ಎಂದೂ ತಪ್ಪದೆ ನಿಂತಿದ್ದ ಆ ಜಾಣ ಕಾರು ನನ್ನ ಕಡೆಗೆ ಬಂತು, ಬಂತು, ಬರುತ್ತಲೇ ಇತ್ತು. ತೀರಾ ಹತ್ತಿರ ಬಂದ ಮೇಲೆ ಒಮ್ಮೆ ಕೂಗಿತು. ಬ್ರೇಕು ಕಿರುಗುಟ್ಟಿತು. ಆ ಹೊತ್ತಿಗೆ ನಾನು ಬಾನೆಟ್ಟಿನ ಮೇಲಿದ್ದೆ. ಹೊರೆ ಒಡೆದು ಕಣಿಕೆ ರಸ್ತೆಯ ತುಂಬ ಚೆಲ್ಲಿತು.

ಬಹಳ ಸಲ ಬಿದ್ದವನು ನಾನು. ಬೀಳುವುದು ನನಗೆ ಹೊಸತಲ್ಲ. ಆದರೆ ಅಂದು ಬಿದ್ದಾಗ ಯಾರೂ ನನ್ನನ್ನು ಎತ್ತಲು ಓಡಿಬರಲಿಲ್ಲ. ನೀಲಾ ನಿಂತಲ್ಲಿಯೇ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ದಾವಲಸಾಬ ಕಾರಿನೊಳಗೆ ಸ್ಟಿಯರಿಂಗಿನ ಮೇಲೆ ತಲೆಯಿಟ್ಟಿದ್ದ. ಚನ್ನವೀರಪ್ಪನವರು ಮಾತ್ರ ನಡೆದು ಬಂದರು. ನನ್ನ ಮೊಣಕಾಲಿನ ಮೇಲಕ್ಕೆ ಸರಿದಿದ್ದ ಸೀರೆಯನ್ನು ಪಾದದವರೆಗೆ ಎಳೆದರು. ಆಮೇಲೆ ಒಂದೊಂದೇ ಕಣಿಕೆ ಆರಿಸತೊಡಗಿದರು. ಆರಿಸಿ ಮುಗಿಸಿ ಮಗಳ ಕಡೆ ನೋಡಿ ಹೇಳಿದರು.

"ಇನ್ನೊಮ್ಮೆ ಮಾಡವಾ. ಗೊತ್ತಾಗೂಮಟ ಮಾಡು."

ಇನ್ನೊಮ್ಮೆ ಮಾಡಿದರು. ಮತ್ತೆ ಮಾಡಿದರು. ಆ ವಾರವೆಲ್ಲ ನಾನು ಬಿದ್ದೆ. ಬೇರೆ ಕಂಪನಿಗಳ ಕಾರುಗಳನ್ನೂ ತಂದು ನೋಡಿದರು. ಕೆಲವು ಸ್ವಲ್ಪ ಬೇಗ ಕಂಡವು, ಕೆಲವು ಕಾಣಲೇ ಇಲ್ಲ. ಹೊರೆ ಇಳಿಸಿದರೆ ಕಾಣುತ್ತಿದ್ದ ಕಾರು ಹೊರೆ ಹೊರಿಸಿದರೆ ಕಾಣದಾಗುತ್ತಿತ್ತು. ಇಷ್ಟೆಲ್ಲ ನೋಡಿದ ಮೇಲೆ ಕುಲಕರ್ಣಿಯವರು ನಿಯಮದ ಮಾತು ಆಡುವುದನ್ನು ಬಿಟ್ಟು ಅಂಕ ಕೊಡುವ ಸಮಿತಿಯನ್ನು ಕರೆಸಿದರು. ಸೀರೆ ಉಟ್ಟು ಹೊರೆ ಹೊತ್ತವರ ಪರೀಕ್ಷೆಯನ್ನೂ ಅಂಕದ ಲೆಕ್ಕಕ್ಕೆ ಸೇರಿಸಬೇಕೆಂಬುದು ನೀಲಾಳ ಕೋರಿಕೆ. ಅಂಕವಿದ್ದರೆ ಮಾತ್ರ ಕಂಪನಿಗಳು ಕಾರಿಗೆ ಕಲಿಸುತ್ತವೆ. ಅಂಕವಿಲ್ಲದ್ದನ್ನು ಯಾರೂ ಕಲಿಸುವುದಿಲ್ಲ.

ಬೂದಿಬಣ್ಣದ ಕಾರಿನ ಕಂಪನಿಯಿಂದ ಮುರಳೀಧರ ಎಂಬ ಇಂಜಿನಿಯರ್ ಮೈಸೂರಿನ ಕಡೆಯಿಂದ ಬಂದಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಅವರು ಎದ್ದು ನೇರವಾಗಿ ಕೇಳಿದರು.

"ಮೇಡಂ, ನಿಮ್ಮ ವಿಷಯ ಕೇಳಿ ತುಂಬಾ ಬೇಜಾರಾಯ್ತು. ಆದ್ರೆ ಒಂದು ಮಾತು. ಸೀರೆ ಗಾಳಿಗೆ ಹಾರುತ್ತೆ. ನೆರಿಗೆ ಇವತ್ತು ಒಂಥರಾ, ನಾಳೆ ಇನ್ನೊಂಥರಾ ಬೀಳುತ್ತೆ. ಹೊರೆ ಒಂದ್ಸಲ ಎಡಕ್ಕೆ ವಾಲುತ್ತೆ, ಒಂದ್ಸಲ ಬಲಕ್ಕೆ. ನನ್ನ ಕಾರಿಗೆ ಒಂದು ಗೊಂಬೆ, ಪಕ್ಕದ ಕಂಪನಿ ಕಾರಿಗೆ ಇನ್ನೊಂದು ಗೊಂಬೆ ಆದಂಗಾಗಲ್ವಾ? ನೀವೇ ಹೇಳಿ, ಇದಕ್ಕೆ ಹೇಗೆ ಅಂಕ ಕೊಡ್ತೀರಾ?"

ನೀಲಾ ತಲೆತಗ್ಗಿಸಿದಳು. ಅದು ಅವಳದೇ ಮಾತು. ಬೆರಳಿನಷ್ಟು ಭುಜ ವಾಲಿದರೂ ಪರೀಕ್ಷೆ ನಿಲ್ಲಿಸುತ್ತಿದ್ದವಳು ಅವಳು. ಸಮಿತಿಯವರು ಮುಂದಿನ ಸಲ ನೋಡೋಣವೆಂದು ಹೊರಟುಹೋದರು.

ಆ ಸಂಜೆ ಅವಳು ಮನೆಗೆ ಹೋಗದೆ ನನ್ನ ಮುಂದೆ ಕುಳಿತು ಒಂದೊಂದು ನೆರಿಗೆಯನ್ನೂ ಬೆರಳಿನಿಂದ ಅಳೆದಳು. ಮರುದಿನ ದಾರ, ಸೂಜಿ ತಂದಳು. ನೆರಿಗೆಗಳನ್ನು ಒಂದರ ಮೇಲೊಂದು ಕೂರಿಸಿ ಹೊಲಿದು ನನ್ನ ಸೊಂಟಕ್ಕೆ ಸೇರಿಸಿದಳು. ಸೆರಗಿನೊಳಗೆ ತೆಳ್ಳನೆಯ ತಂತಿ ಪೋಣಿಸಿದಳು. ಗಾಳಿಗೆ ಬೀಸಲಿ, ಆದರೆ ಪ್ರತಿ ಸಲವೂ ಅಷ್ಟೇ ಬೀಸಲಿ ಎಂದು. ಹೊರೆಯನ್ನು ಸಿಂಬೆಗೆ, ಸಿಂಬೆಯನ್ನು ನನ್ನ ತಲೆಗೆ ಒತ್ತಿದರೆ ಅಂಟುವ ಪಟ್ಟಿಯಿಂದ ಬಿಗಿದಳು. ಬಿದ್ದರೆ ಬಿಟ್ಟುಕೊಳ್ಳಬೇಕು, ಎತ್ತಿದರೆ ಅದೇ ಜಾಗಕ್ಕೆ ಕೂರಬೇಕು. ಎಷ್ಟೋ ಸಲ ತಪ್ಪಿತು. ತಾಯಿಯ ಸೀರೆಗೆ ಸೂಜಿ ಚುಚ್ಚುವಾಗಲೆಲ್ಲ ಅವಳ ಕೈ ಒಂದು ಕ್ಷಣ ತಡೆಯುತ್ತಿತ್ತು. ಆದರೆ ಚುಚ್ಚದೆ ಬಿಡುತ್ತಿರಲಿಲ್ಲ. ಅವಳ ತಂದೆ ಪಕ್ಕದಲ್ಲಿ ಕುಳಿತು ಬಾಯಲ್ಲಿ ಶಿವನಾಮ, ಕೈಯಲ್ಲಿ ಕಣಿಕೆ ಇಟ್ಟುಕೊಂಡು ಒಂದೇ ಅಳತೆಗೆ ಕತ್ತರಿಸಿ ಕೊಡುತ್ತಿದ್ದರು.

"ಅಪ್ಪಾ, ಅವ್ವ ಇದ್ದಿದ್ರ ಏನಂತಿದ್ಲು?"

"ಇಷ್ಟು ಚಂದ ನೆರಿಗಿ ನಿನ್ನ ಮದವ್ಯಾಗೂ ನೀ ಹಿಡದಿದ್ದಿಲ್ಲ ಅಂತಿದ್ಲು."

ಸಮಿತಿ ಎರಡನೆಯ ಸಲ ಬಂದಾಗ ನೀಲಾ ಭಾಷಣ ಮಾಡಲಿಲ್ಲ. ನನ್ನನ್ನು ಬೀಳಿಸಿದಳು, ಎತ್ತಿ ನಿಲ್ಲಿಸಿದಳು, ಫೋಟೋ ತೆಗೆದಳು. ಮತ್ತೆ ಬೀಳಿಸಿ, ಎತ್ತಿ, ಫೋಟೋ ತೆಗೆದಳು. ಆಮೇಲೆ ಎಲ್ಲ ಫೋಟೋಗಳನ್ನು ಮೇಜಿನ ಮೇಲೆ ಹರವಿ, "ಯಾವುದು ಮೊದಲಿಂದು, ಯಾವುದು ಆಮೇಲಿಂದು ತೋರಿಸ್ರಿ," ಎಂದಳು. ಮುರಳೀಧರ ಅವನ್ನು ತಿರುಗಿಸಿ ಮುರುಗಿಸಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಗೊತ್ತಾಗ್ತಿಲ್ಲ ಮೇಡಂ," ಎಂದು ಮೆಲ್ಲಗೆ ಹೇಳಿದರು. "ನಮ್ಮ ಅಜ್ಜಿ ಕೂಡ ಹೀಗೇ ಸೌದೆ ಹೊತ್ಕೊಂಡು ಬರೋರು. ನಾನು ಕಾರಿಗೆ ಕಲಿಸ್ತೀನಿ. ಅಂಕ ನೀವು ಸೇರಿಸಿ."

ಸಮಿತಿ ಒಪ್ಪಿತು. ಮುರಳೀಧರ ತಮ್ಮ ಮಾತಿಗೆ ತಪ್ಪಲಿಲ್ಲ. ಸೀರೆಯುಟ್ಟವರ, ಹೊರೆ ಹೊತ್ತವರ, ಕೊಡ ಹೊತ್ತವರ ಸಾವಿರಾರು ಚಿತ್ರಗಳನ್ನು ತೋರಿಸಿ ಕ್ಯಾಮೆರಾಕ್ಕೆ ಕಲಿಸಿದರು. ಮುಂದಿನ ಸುಗ್ಗಿಯ ಹೊತ್ತಿಗೆ ಬೂದಿಬಣ್ಣದ ಕಾರು ಮತ್ತೆ ಬಂತು.

ಅಂದು ನಾನು ರಸ್ತೆಗೆ ಇಳಿದಾಗ ಎಲ್ಲರೂ ರಸ್ತೆಯ ಅಂಚಿಗೆ ಬಂದಿದ್ದರು. ಚನ್ನವೀರಪ್ಪನವರು ಕಣ್ಣು ಮುಚ್ಚಿಕೊಂಡಿದ್ದರು. ಕಾರು ದೂರದಿಂದಲೇ ಕೂಗಿತು. ಮೂಗು ತಗ್ಗಿಸಿ ವೇಗ ಇಳಿಸಿತು. ನನ್ನಿಂದ ಒಂದು ಮೊಳ ದೂರದಲ್ಲಿ ನಿಂತಿತು. ಗಾಳಿಗೆ ನನ್ನ ಸೆರಗು ಬೀಸಿ ಅದರ ಬಾನೆಟ್ಟನ್ನು ಒಮ್ಮೆ ಸವರಿ ಹಿಂದೆ ಬಂತು.

"ಅಪ್ಪಾ, ಕಣ್ಣು ತೆಗಿ," ಎಂದಳು ನೀಲಾ. "ನಿಂತೈತಿ."

ಅವರು ಕಣ್ಣು ತೆರೆದು ನನ್ನನ್ನು ನೋಡಿದರು, ಕಾರನ್ನು ನೋಡಿದರು. ದಾವಲಸಾಬ ಕಿಟಕಿಯಿಂದ ತಲೆ ಹೊರಹಾಕಿ, "ಅವ್ವಾರ, ದಾಟ್ರಿ, ದಾಟ್ರಿ. ನಾವು ಕಾಯ್ತೀವಿ," ಎಂದ. ಪಟ್ಟಿ ನನ್ನನ್ನು ಆಚೆಯ ಅಂಚಿಗೆ ಎಳೆಯಿತು. ಬಸಲಿಂಗವ್ವ ದಾಟಲಾರದ ರಸ್ತೆಯನ್ನು ಅವಳ ಸೀರೆಯುಟ್ಟು ನಾನು ದಾಟಿದೆ.

ಅಂದು ಅಂಕದ ಕೆಳಗೆ ಒಂದು ಮಾತು ಸೇರಿಸಬೇಕೆಂದು ನೀಲಾ ಹಟ ಹಿಡಿದಳು. ಈಗ ಕಾರಿನ ಜೊತೆ ಕೊಡುವ ಕಾಗದದಲ್ಲಿ ಅದು ಇದೆ: ಈ ವ್ಯವಸ್ಥೆ ಚಾಲಕನಿಗೆ ನೆರವು ಮಾತ್ರ, ನೋಡುವ ಮತ್ತು ಬ್ರೇಕು ಹಾಕುವ ಹೊಣೆ ಚಾಲಕನದೇ. ನನ್ನ ಅನುಭವವೂ ಅದೇ. ನಕ್ಷತ್ರವೆಂದರೆ ಪರೀಕ್ಷೆಯಲ್ಲಿ ಕಂಡಷ್ಟರ ಸಾಕ್ಷಿ. ಪರೀಕ್ಷೆಯಲ್ಲಿ ನಿಲ್ಲಿಸದವರು ಇನ್ನೂ ಎಷ್ಟೋ ಜನ ರಸ್ತೆಯಲ್ಲಿದ್ದಾರೆ. ಕಂಬಳಿ ಹೊದ್ದ ಕುರುಬರಿದ್ದಾರೆ, ತೆವಳಿಕೊಂಡು ಹೋಗುವ ಕುಂಟರಿದ್ದಾರೆ. ಅವರನ್ನೆಲ್ಲ ಕಾರು ಕಲಿಯುವವರೆಗೆ ಮನುಷ್ಯನ ಕಣ್ಣು ರಸ್ತೆಯ ಮೇಲೆಯೇ ಇರಲಿ. ಕಲಿತ ಮೇಲೂ ಇರಲಿ.

ಈಗ ನನಗೆ ವಯಸ್ಸಾಗಿದೆ. ಎಡಗಾಲು ಎಷ್ಟು ಒತ್ತಿದರೂ ನಿಲ್ಲುವುದಿಲ್ಲ. ಒಳಗಿನ ಸ್ಪಂಜು ಉದುರುತ್ತಿದೆ. ಹೊಸ ಗೊಂಬೆಗಳು ಬಂದಿವೆ. ಅವುಗಳಲ್ಲಿ ಒಬ್ಬಳು ಹೆಂಗಸು. ಕಾರ್ಖಾನೆಯಲ್ಲೇ ಅವಳಿಗೆ ಸೀರೆ ಹೊಲಿದು ಕಳಿಸುತ್ತಾರೆ. ಅಂತೂ ದೊರೆಯ ಹೆಂಡತಿ ತವರಿನಿಂದ ಬಂದಳೆಂದು ದಾವಲಸಾಬ ಎಲ್ಲರಿಗೂ ಚಹಾ ಕೊಡಿಸಿದ. ನನ್ನನ್ನು ಗುಜರಿಗೆ ಹಾಕಲು ನೀಲಾ ಬಿಡಲಿಲ್ಲ. ಶೆಡ್ಡಿನ ಮೂಲೆಯಲ್ಲಿ, ಕಿಟಕಿಯ ಪಕ್ಕ, ರಸ್ತೆ ಕಾಣುವಂತೆ ನಿಲ್ಲಿಸಿದ್ದಾಳೆ. ಸೀರೆ ನನ್ನ ಮೈಮೇಲೆಯೇ ಇದೆ.

ನನ್ನನ್ನು ಮೂಲೆಗೆ ತಂದ ದಿನ ಸೀರೆಯ ಒಳಗಿದ್ದ ಹಳೆಯ ಅಂಗಿಯ ಧೂಳು ಕೊಡವುವಾಗ ಕಿಸೆಯಿಂದ ಎರಡು ಒಣಗಿದ ಬನ್ನಿ ಎಲೆ ಬಿದ್ದವು. ಅಷ್ಟು ಪೆಟ್ಟು ತಿಂದರೂ ಅವು ಪುಡಿಯಾಗಿರಲಿಲ್ಲ. ನೀಲಾ ಅವನ್ನು ಅಂಗೈಯಲ್ಲಿ ಎತ್ತಿಕೊಂಡಳು. ಆಮೇಲೆ ಒಂದನ್ನು ತಂದೆಗೆ ಕೊಟ್ಟು, ಇನ್ನೊಂದನ್ನು ಮತ್ತೆ ಅದೇ ಕಿಸೆಯಲ್ಲಿ ಇಟ್ಟಳು.

ಪರೀಕ್ಷೆ ನಡೆಯುವಾಗ ಗೊಂಬೆಯ ಮುಖಕ್ಕೆ ಏನನ್ನೂ ಹಚ್ಚಬಾರದು. ಇನ್ನು ನನಗೆ ಪರೀಕ್ಷೆಯಿಲ್ಲ. ಚನ್ನವೀರಪ್ಪನವರು ಮೂರು ಬೆರಳಿನಿಂದ ನನ್ನ ಹಣೆಗೆ ವಿಭೂತಿ ಹಚ್ಚಿ ಕೈಮುಗಿದರು. ನನಗೋ, ಸೀರೆಗೋ, ಸೀರೆಯವಳಿಗೋ ತಿಳಿಯಲಿಲ್ಲ.

ನನಗೆ ಪ್ರಾಣವಿಲ್ಲ. ಪ್ರಾಣವಿಲ್ಲದವರ ಪ್ರಾರ್ಥನೆ ಶಿವನಿಗೆ ಮುಟ್ಟುತ್ತದೋ ಇಲ್ಲವೋ ನಾನರಿಯೆ. ಆದರೂ ಹಣೆಯಲ್ಲಿ ನಿನ್ನ ಭಸ್ಮವಿದೆ, ಎದೆಯ ಮೇಲೆ ಅವಳು ಕೊಟ್ಟ ಎಲೆಯಿದೆ. ಆ ಸಲುಗೆಯಿಂದ ಕೇಳುತ್ತೇನೆ. ಶಿವನೇ, ಬಸಲಿಂಗವ್ವನ ತಲೆಯ ಮೇಲಿನ ಹೊರೆಯನ್ನು ನಿನ್ನ ಕೈಯಿಂದಲೇ ಇಳಿಸಿಕೋ. ದಣಿದು ಬಂದವಳನ್ನು ನಿನ್ನ ಪಾದದ ನೆರಳಿನಲ್ಲಿ ಕೂರಿಸು. ಅಲ್ಲಿ ಅವಳು ಬಂಗಾರದಂತೆ ಇರಲಿ.